ಶಾಲೆಗೊಬ್ಬ ಕ್ಯಾಪ್ಟನ್ ಯಾಕೆ ಬೇಕು?

ಪ್ರವೇಶದ ಹಂಗಾಮು ಬಂತೆಂದರೆ ಹಾವೇರಿಯಿಂದ ರಾಣೆಬೆನ್ನೂರಿಗೆ ಹೋಗುವ ದಾರಿಯಲ್ಲಿ ವಸತಿ ಶಾಲೆಗಳ ಫ್ಲೆಕ್ಸುಗಳು ಬೀಜದ ಕಂಪನಿಗಳ ಫ್ಲೆಕ್ಸುಗಳ ಜೊತೆ ಪೈಪೋಟಿಗೆ ಬೀಳುತ್ತವೆ. ಒಂದರಲ್ಲಿ ಮೊಣಕೈಯುದ್ದದ ಗೋವಿನಜೋಳದ ತೆನೆ, ಇನ್ನೊಂದರಲ್ಲಿ ಸೆಲ್ಯೂಟ್ ಹೊಡೆಯುತ್ತಿರುವ ಹುಡುಗ. ಎರಡೂ ಕೊಡುವ ಭರವಸೆ ಒಂದೇ: ನೀವು ಹಾಕಿದ ದುಡ್ಡಿಗೆ ಗ್ಯಾರಂಟಿ ಫಸಲು. ಆದರೆ ಶಾಲೆಯ ಫ್ಲೆಕ್ಸಿಗೆ ಇನ್ನೊಂದು ಬಲವುಂಟು. ಹುಡುಗನಿಗಿಂತ ದೊಡ್ಡದಾಗಿ ಒಬ್ಬ ನಿವೃತ್ತ ಅಧಿಕಾರಿಯ ಭಾವಚಿತ್ರ. ಭೂಸೇನೆಯವರಾದರೆ ಹಸಿರು, ನೌಕಾಪಡೆಯವರಾದರೆ ಬಿಳಿ. ನಮ್ಮ ಕಡೆ ಬಿಳಿಗೆ ತೂಕ ಹೆಚ್ಚು. ಸಮುದ್ರವನ್ನೇ ನೋಡದ ಸೀಮೆ ಇದು. ನಮಗೆ ನೀರು ಎಂದರೆ ವರದಾ, ಕುಮುದ್ವತಿ, ಧರ್ಮಾ, ತುಂಗಭದ್ರಾ. ಅಂಥಲ್ಲಿ ಹಡಗು ನಡೆಸಿದವರೊಬ್ಬರು ಬಂದು ಶಾಲೆ ನಡೆಸುತ್ತಾರೆಂದರೆ, ಮಗ್ಗಿ ಬಾರದ ನಮ್ಮ ಮಕ್ಕಳನ್ನು ಅವರು ದಡ ಮುಟ್ಟಿಸಿಯೇ ಮುಟ್ಟಿಸುತ್ತಾರೆ ಎಂಬ ನಂಬಿಕೆ ತಾನಾಗಿ ಹುಟ್ಟುತ್ತದೆ.

ನನ್ನ ತಕರಾರು ಇರುವುದು ಈ ನಂಬಿಕೆಯ ಮೇಲೆ, ಆ ಅಧಿಕಾರಿಯ ಮೇಲಲ್ಲ. ಇಪ್ಪತ್ತು ಮೂವತ್ತು ವರ್ಷ ಉಪ್ಪುಗಾಳಿಯಲ್ಲಿ ಕಳೆದು ಬಂದವರು ಐವತ್ತರ ನಡುವಿನಲ್ಲಿ ಇನ್ನೊಂದು ಕೆಲಸ ಹುಡುಕಿದರೆ ಅದರಲ್ಲಿ ತಪ್ಪೇನೂ ಇಲ್ಲ. ತಪ್ಪಿರುವುದು ದರ್ಜೆಯನ್ನೇ ಶಿಕ್ಷಣ ಎಂದುಕೊಂಡ ನಮ್ಮಲ್ಲಿ. ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ಚೀಲಕ್ಕೆ ಕೈ ಹಾಕಿ, ಮುರಿದು, ಮೂಸಿ, ಬಣ್ಣ ನೋಡಿ ದರ ಕಟ್ಟುವ ಜನ ನಾವು. ಚೀಲದ ಮೇಲೆ ಬರೆದದ್ದನ್ನು ಓದಿ ಯಾವ ವ್ಯಾಪಾರಸ್ಥನೂ ಟೆಂಡರ್ ಹಾಕುವುದಿಲ್ಲ. ಮಗನ ವಿಷಯ ಬಂದಾಗ ಮಾತ್ರ ಚೀಲದ ಮೇಲಿನ ಹೆಸರು ಸಾಕು.

ಆ ಹೆಸರನ್ನಾದರೂ ನಾವು ಸರಿಯಾಗಿ ಓದುತ್ತೇವೆಯೇ? ನೌಕಾಪಡೆಯ ಕ್ಯಾಪ್ಟನ್ ಎಂದರೆ ಭೂಸೇನೆಯ ಕರ್ನಲ್‌ಗೆ ಸಮ. ಭೂಸೇನೆಯ ಕ್ಯಾಪ್ಟನ್ ಅದಕ್ಕಿಂತ ಮೂರು ಮೆಟ್ಟಿಲು ಕೆಳಗೆ. ಕಮಾಂಡರ್ ಎಂದರೆ ಇಡೀ ಪಡೆಯ ಯಜಮಾನನಲ್ಲ, ಲೆಫ್ಟಿನೆಂಟ್ ಕರ್ನಲ್‌ಗೆ ಸಮನಾದ ಒಂದು ದರ್ಜೆ. ಇಷ್ಟು ಸಾದಾ ಸಂಗತಿಯೂ ಫೀ ಕಟ್ಟುವವರಿಗೆ ಗೊತ್ತಿರುವುದಿಲ್ಲ, ಫೀ ಕಟ್ಟಿಸಿಕೊಳ್ಳುವವರು ಹೇಳುವುದಿಲ್ಲ. ಗೊತ್ತಿಲ್ಲದಿರುವುದರಲ್ಲೇ ಆ ಪದದ ಬೆಲೆ ಇದೆ. (ಸಂಶೋಧನಾ ವಿದ್ಯಾರ್ಥಿಯಾದ ನನಗೆ ದರ್ಜೆಗೆ ತಲೆಬಾಗುವುದು ಹೊಸದಲ್ಲ. ಗೈಡ್ ಎಂಬ ಪದವಿಯ ಮುಂದೆ ಅಡ್ಮಿರಲ್ ಕೂಡ ಸಣ್ಣವನೇ.)

ಮಗನನ್ನು ಮಿಲಿಟರಿ ಶಾಲೆಗೆ ಹಾಕುವ ತಂದೆಯ ಮಾತು ನೀವೂ ಕೇಳಿರುತ್ತೀರಿ. "ಹುಡುಗ ಕೈ ಮೀರ್‍ಯಾನ್ರಿ, ಮೊಬೈಲ್ ಕೆಳಗ ಇಡವಲ್ಲ. ಅಲ್ಲಿ ಹಾಕಿದ್ರ ಶಿಸ್ತ ಬರ್ತತಿ." ಹುಡುಗನ ವಯಸ್ಸು ಹತ್ತು. ಹತ್ತು ವರ್ಷದವನು ಯಾರ ಕೈ ಮೀರಿದ್ದಾನೆ, ಮೊಬೈಲ್ ಕೊಟ್ಟವರು ಯಾರು ಎಂದು ಕೇಳುವಂತಿಲ್ಲ. ಓದಿಸುವುದಕ್ಕೆ ಒಂದು ಶಾಲೆ, ಹೆದರಿಸುವುದಕ್ಕೆ ಇನ್ನೊಂದು ಎಂಬ ವಿಂಗಡಣೆ ನಮ್ಮ ಮನಸ್ಸಿನಲ್ಲಿ ಆಗಲೇ ಆಗಿಹೋಗಿದೆ. ಸೈನಿಕ ಶಾಲೆ ಎಂಬ ಕಲ್ಪನೆ ಹುಟ್ಟಿದ್ದು ಹೆದರಿಸುವುದಕ್ಕಲ್ಲ ಎಂಬುದನ್ನು ಇಲ್ಲಿ ನೆನಪಿಸಬೇಕು.

1961ರಲ್ಲಿ ರಕ್ಷಣಾ ಸಚಿವರಾಗಿದ್ದ ವಿ.ಕೆ. ಕೃಷ್ಣ ಮೆನನ್ ಈ ಶಾಲೆಗಳನ್ನು ಆರಂಭಿಸಿದಾಗ ಇದ್ದ ಕೊರಗು ಬೇರೆ. ಸೇನೆಯ ಅಧಿಕಾರಿ ವರ್ಗದಲ್ಲಿ ಕೆಲವೇ ಪ್ರಾಂತಗಳವರು, ಕೆಲವೇ ಮನೆತನಗಳವರು ತುಂಬಿದ್ದರು. ಉಳ್ಳವರ ಮಕ್ಕಳಿಗೆ ಡೂನ್‌ನಂಥ ಪಬ್ಲಿಕ್ ಸ್ಕೂಲುಗಳಿದ್ದವು. ಅಂಥದೇ ಓದು, ಅಂಥದೇ ಆಟದ ಮೈದಾನ ಸಾಮಾನ್ಯರ ಮಕ್ಕಳಿಗೂ ಸಿಗಲಿ, ಅವರೂ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯ ಬಾಗಿಲು ತಟ್ಟಲಿ ಎಂಬುದು ಯೋಜನೆ. ಮೊದಲ ಶಾಲೆ ಮಹಾರಾಷ್ಟ್ರದ ಸಾತಾರಾದಲ್ಲಿ. 1963ರಲ್ಲಿ ನಮ್ಮ ವಿಜಯಪುರದಲ್ಲಿ, ಆಗಿನ ಬಿಜಾಪುರದಲ್ಲಿ, ಆರಂಭವಾಯಿತು. ಮೈಸೂರು ರಾಜ್ಯದ ಶಿಕ್ಷಣ ಮಂತ್ರಿಯಾಗಿದ್ದ ಎಸ್.ಆರ್. ಕಂಠಿಯವರು ಅದರ ಹಿಂದೆ ನಿಂತಿದ್ದರು. ಕೊಡಗಿಗೆ ಸೈನಿಕ ಶಾಲೆ ಬಂದದ್ದು 2007ರಲ್ಲಿ. ಜನರಲ್‌ಗಳನ್ನೂ ಫೀಲ್ಡ್ ಮಾರ್ಷಲ್‌ನನ್ನೂ ಕೊಟ್ಟ ಜಿಲ್ಲೆ ನಲವತ್ತನಾಲ್ಕು ವರ್ಷ ತಡವಾಗಿ ಪಡೆಯಿತು, ಬರಗಾಲದ ಬಿಜಾಪುರ ಮೊದಲೇ ಪಡೆಯಿತು. ಉದ್ದೇಶ ಏನಿತ್ತು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ವಿಜಯಪುರದ ಶಾಲೆಯ ಹಾಸ್ಟೆಲುಗಳಿಗೆ ಇಟ್ಟ ಹೆಸರುಗಳೆಂದರೆ ನನಗೆ ಇಷ್ಟ: ಚಾಲುಕ್ಯ, ರಾಷ್ಟ್ರಕೂಟ, ಹೊಯ್ಸಳ, ವಿಜಯನಗರ, ಆದಿಲ್‌ಶಾಹಿ, ಒಡೆಯರ್. 1565ರಲ್ಲಿ ಯುದ್ಧಭೂಮಿಯಲ್ಲಿ ಎದುರಾದ ವಿಜಯನಗರ ಮತ್ತು ಆದಿಲ್‌ಶಾಹಿ ಇಲ್ಲಿ ಒಂದೇ ಊಟದ ಮನೆಯಲ್ಲಿ ಕೂರುತ್ತವೆ, ಸಂಜೆ ಹಾಕಿ ಆಡುತ್ತವೆ. ಯಾರು ಹಾಗೆ ಹೆಸರಿಟ್ಟರೋ ಅವರಿಗೆ ಶಾಲೆ ಎಂದರೆ ಏನೆಂದು ಗೊತ್ತಿತ್ತು. ಇಂದು ಫ್ಲೆಕ್ಸು ಬರೆಸುವವರಿಗೆ ಕೊಟ್ಟರೆ ಆರರಲ್ಲಿ ಒಂದು ಹೆಸರನ್ನು ಖಂಡಿತ ಅಳಿಸುತ್ತಾರೆ. ಯಾವುದೆಂದು ಹೇಳಬೇಕಿಲ್ಲ.

ಈಗ ಯಾರು ನಡೆಸುತ್ತಾರೆ ಎಂಬ ಮಾತಿಗೆ ಬರೋಣ. ರಕ್ಷಣಾ ಸಚಿವಾಲಯದ ಸೈನಿಕ ಶಾಲೆಗಳ ಸೊಸೈಟಿಯಡಿ ಇರುವ ಹಳೆಯ ಶಾಲೆಗಳಲ್ಲಿ ಪ್ರಿನ್ಸಿಪಾಲರು ಸೇವೆಯಲ್ಲಿರುವ ಅಧಿಕಾರಿ. ಭೂಸೇನೆ, ನೌಕಾಪಡೆ, ವಾಯುಪಡೆ ಯಾವುದರಿಂದಲಾದರೂ ನಿಯೋಜನೆಯ ಮೇಲೆ ಬರುತ್ತಾರೆ, ಕೆಲವು ವರ್ಷ ಇದ್ದು ಹೋಗುತ್ತಾರೆ. ಅವರ ಮೇಲೆ ಸ್ಥಳೀಯ ಆಡಳಿತ ಮಂಡಳಿಯಿದೆ, ದಿಲ್ಲಿಯಲ್ಲಿ ಸೊಸೈಟಿಯಿದೆ, ಲೆಕ್ಕಪತ್ರ ನೋಡುವವರಿದ್ದಾರೆ. ತಪ್ಪು ನಡೆದರೆ ವಾಪಸು ಕರೆಸಿಕೊಳ್ಳುವ ಒಂದು ಪಡೆ ಇದೆ. ಅಂದರೆ ಅಲ್ಲಿ ಭುಜದ ಮೇಲಿನ ಪಟ್ಟಿಗೆ ಅಧಿಕಾರವಿರುವಂತೆ ಹೊಣೆಯೂ ಇದೆ.

ಖಾಸಗಿ ಸಂಸ್ಥೆಗೆ ಬಂದ ನಿವೃತ್ತ ಅಧಿಕಾರಿಯದು ಬೇರೆಯೇ ಪರಿಸ್ಥಿತಿ. ಅವರು ಒಪ್ಪಂದದ ಮೇಲಿನ ನೌಕರ. ಅವರನ್ನು ನೇಮಿಸಿದ್ದು ಒಂದು ಆಡಳಿತ ಮಂಡಳಿ. ಅದರ ಅಧ್ಯಕ್ಷರು ಒಬ್ಬ ಗುತ್ತಿಗೆದಾರರೋ, ಮಾಜಿ ಶಾಸಕರೋ, ದಲಾಲಿ ಅಂಗಡಿಯ ಸಾಹುಕಾರರೋ ಆಗಿರುತ್ತಾರೆ. ಫೀ ಎಷ್ಟು, ಅಡುಗೆಯವರಿಗೆ ಸಂಬಳ ಎಷ್ಟು, ಗಣಿತದ ಮೇಷ್ಟ್ರನ್ನು ಮಧ್ಯದಲ್ಲಿ ಬಿಡಿಸಬೇಕೋ ಬೇಡವೋ ಎಂದು ತೀರ್ಮಾನಿಸುವವರು ಅವರು. ಪಟ್ಟಿ ಅದೇ, ಮೀಸೆ ಅದೇ, ಧ್ವನಿ ಅದೇ. ಹಿಂದೆ ಇದ್ದ ಪಡೆ ಮಾತ್ರ ಇಲ್ಲ. ಹೀಗಾಗಿ ಹೊಣೆ ಕಳಚಿ ಬಿದ್ದು ದರ್ಪ ಮಾತ್ರ ಉಳಿದ ದರ್ಜೆಯನ್ನು ನಾವು ನೋಡುತ್ತಿದ್ದೇವೆ. ಅದಕ್ಕೆ ಸೆಲ್ಯೂಟ್ ಹೊಡೆಯುವ ಮಗು ಯಾರಿಗೆ ಸೆಲ್ಯೂಟ್ ಹೊಡೆಯುತ್ತಿದೆ? ಹಿಂದೆ ನಿಂತ ಸಾಹುಕಾರರಿಗೆ.

2021ರ ಅಕ್ಟೋಬರ್‌ನಲ್ಲಿ ಕೇಂದ್ರ ಸಂಪುಟ ಹೊಸದೊಂದು ದಾರಿ ತೆರೆಯಿತು. ಖಾಸಗಿ ಶಾಲೆಗಳು, ಟ್ರಸ್ಟುಗಳು, ರಾಜ್ಯ ಸರ್ಕಾರಗಳ ಜೊತೆ ಪಾಲುದಾರಿಕೆಯಲ್ಲಿ 100 ಹೊಸ ಸೈನಿಕ ಶಾಲೆಗಳು. ಮೊದಲ ಪಟ್ಟಿಯ 21ರಲ್ಲಿ ಬೆಳಗಾವಿ ಜಿಲ್ಲೆಯ ಸಂಗೊಳ್ಳಿ ರಾಯಣ್ಣ ಸೈನಿಕ ಶಾಲೆಯೂ ಇತ್ತು. ಅದು ರಾಜ್ಯ ಸರ್ಕಾರದ ಶಾಲೆ, ಅದರ ಬಗ್ಗೆ ನನಗೆ ದೂರಿಲ್ಲ. ಆದರೆ 2024ರ ಏಪ್ರಿಲ್‌ನಲ್ಲಿ ರಿಪೋರ್ಟರ್ಸ್ ಕಲೆಕ್ಟಿವ್ ಎಂಬ ಪತ್ರಕರ್ತರ ತಂಡ, ಅಲ್ಲಿಯವರೆಗೆ ಒಪ್ಪಂದ ಮಾಡಿಕೊಂಡ 40 ಶಾಲೆಗಳಲ್ಲಿ ಶೇ. 62ರಷ್ಟು ಆಳುವ ಪಕ್ಷ, ಅದರ ನಾಯಕರು ಹಾಗೂ ಸಂಘ ಪರಿವಾರಕ್ಕೆ ನಂಟಿರುವವರ ಕೈಯಲ್ಲಿವೆ ಎಂದು ಬರೆಯಿತು. ಆರೋಪ ನಿರಾಧಾರ ಎಂದು ಸಚಿವಾಲಯ ಹೇಳಿತು. ಯಾರ ಮಾತು ಸರಿ ಎಂಬ ಜಗಳ ಪಕ್ಕಕ್ಕಿಡಿ. ಯಾವ ಪಕ್ಷದವರೇ ಆಗಲಿ, ಶಾಲೆಯ ಮಾಲೀಕರು ರಾಜಕಾರಣಿಯಾಗಿ ಫಲಕದ ಮೇಲೆ ಸೈನಿಕ ಎಂದಿದ್ದರೆ, ಅವರ ನಡುವೆ ನಿಂತ ನಿವೃತ್ತ ಅಧಿಕಾರಿ ಯಾರ ಆದೇಶ ಪಾಲಿಸುತ್ತಾರೆ? ಜೀವಮಾನವಿಡೀ ಆದೇಶ ಪಾಲಿಸುವುದನ್ನೇ ಗುಣವೆಂದು ಕಲಿತವರಿಗೆ ಇಲ್ಲ ಎನ್ನುವುದು ಕಷ್ಟ. ಈ ಮಾತು ಕಟುವಾಯಿತೆಂದು ಗೊತ್ತು. ಹಿಂತೆಗೆದುಕೊಳ್ಳುವುದಿಲ್ಲ.

ಹಡಗಿನ ಹೋಲಿಕೆಯನ್ನೂ ಸ್ವಲ್ಪ ಬಿಡಿಸಿ ನೋಡೋಣ. ಪ್ರಾಸ್ಪೆಕ್ಟಸ್ ಬರೆಯುವವರಿಗೆ ಅದು ಬಹಳ ಪ್ರಿಯ: ಶಾಲೆ ಒಂದು ಹಡಗು, ಪ್ರಿನ್ಸಿಪಾಲರು ಅದರ ಕಪ್ತಾನ. ಹಡಗಿನಲ್ಲಿ ಇರುವವರು ವಯಸ್ಕರು, ತಾವೇ ಸಹಿ ಹಾಕಿ ಬಂದವರು, ಸಂಬಳ ಪಡೆಯುವವರು. ಪ್ರತಿಯೊಬ್ಬರಿಗೂ ಒಂದು ಕಸುಬು ಗೊತ್ತು: ಒಬ್ಬ ಇಂಜಿನ್ ನೋಡುತ್ತಾನೆ, ಒಬ್ಬ ರೇಡಾರ್, ಒಬ್ಬ ಅಡುಗೆ. ಶಾಲೆಗೆ ಬಂದ ಹುಡುಗ ಯಾವ ಕಾಗದಕ್ಕೂ ಸಹಿ ಹಾಕಿಲ್ಲ. ಹಾಕಿದ್ದು ಅವನ ಅಪ್ಪ. ಅವನಿಗೆ ಇನ್ನೂ ಯಾವ ಕಸುಬೂ ಗೊತ್ತಿಲ್ಲ, ತನಗೇನು ಇಷ್ಟ ಎಂಬುದೂ ಗೊತ್ತಿಲ್ಲ. ಅದನ್ನು ಹುಡುಕಿಕೊಳ್ಳಲಿ ಎಂದೇ ಶಾಲೆ ಇರುವುದು. ಹಡಗಿನಲ್ಲಿ ಒಬ್ಬ ಎಡವಿದರೆ ಎಲ್ಲರೂ ಮುಳುಗಬಹುದು, ಆದ್ದರಿಂದ ತಪ್ಪಿಗೆ ಜಾಗವಿಲ್ಲ. ಶಾಲೆಯಲ್ಲಿ ತಪ್ಪು ಮಾಡದವನು ಏನನ್ನೂ ಕಲಿತಿಲ್ಲ ಎಂದೇ ಅರ್ಥ.

ಆದರೂ ಹಡಗಿನ ಹೋಲಿಕೆಯೇ ಬೇಕೆಂದು ಹಟ ಹಿಡಿದರೆ ನನ್ನದು ಒಂದೇ ಬೇಡಿಕೆ: ಪೂರ್ತಿ ತನ್ನಿ. ನೌಕಾಪಡೆಯಲ್ಲಿ ಡಿವಿಷನಲ್ ಸಿಸ್ಟಂ ಎಂಬ ಪದ್ಧತಿಯಿದೆ. ನಾವಿಕರನ್ನು ಸಣ್ಣ ಸಣ್ಣ ಗುಂಪು ಮಾಡಿ ಒಬ್ಬೊಬ್ಬ ಅಧಿಕಾರಿಯ ಸುಪರ್ದಿಗೆ ಕೊಡುತ್ತಾರೆ. ತನ್ನ ಗುಂಪಿನವನ ತಾಯಿಗೆ ಹುಷಾರಿಲ್ಲ, ಮನೆಯಲ್ಲಿ ಸಾಲವಿದೆ, ರಜೆ ಸಿಕ್ಕಿಲ್ಲ ಎಂಬುದೆಲ್ಲ ಆ ಅಧಿಕಾರಿಗೆ ಗೊತ್ತಿರಬೇಕು. ರಿಕ್ವೆಸ್ಟ್‌ಮೆನ್ ಎಂಬ ಇನ್ನೊಂದು ಕ್ರಮವಿದೆ. ಅಹವಾಲು ಇರುವ ನಾವಿಕ ಹೆಸರು ಬರೆಸಿ, ನಿಗದಿಯಾದ ಹೊತ್ತಿಗೆ, ಹಂತಹಂತವಾಗಿ ಮೇಲೇರಿ ಕೊನೆಗೆ ಕಮಾಂಡಿಂಗ್ ಅಧಿಕಾರಿಯ ಮುಂದೆಯೇ ನಿಂತು ಹೇಳಬಹುದು. ತಪ್ಪಿಗೆ ವಿಚಾರಣೆ ಇರುವಂತೆ ಅಹವಾಲಿಗೂ ಒಂದು ಜಾಗ. ನಮ್ಮ ಮಿಲಿಟರಿ ಶಾಲೆಗಳು ನೌಕಾಪಡೆಯಿಂದ ತಂದದ್ದು ಬಿಳಿ ಬೂಟು, ಬ್ಯಾಂಡು, ಸೀಟಿ. ಅಹವಾಲಿನ ಮೇಜನ್ನು ಅಲ್ಲೇ ಬಿಟ್ಟು ಬಂದಿವೆ. ನನ್ನ ಸಂಬಂಧಿಕರ ಹುಡುಗನೊಬ್ಬ ಎರಡು ವರ್ಷ ಇಂಥದೊಂದು ಶಾಲೆಯಲ್ಲಿದ್ದ. ಕಲಿತದ್ದೇನಪ್ಪ ಎಂದು ಕೇಳಿದರೆ ಸುಮ್ಮನೆ ಅಟೆನ್ಷನ್‌ನಲ್ಲಿ ನಿಂತ. ನೆಂಟರೆಲ್ಲ ನಕ್ಕರು, ಭೇಷ್ ಎಂದರು. ಪ್ರಶ್ನೆಗೆ ಉತ್ತರ ಬರಲಿಲ್ಲ ಎಂಬುದನ್ನು ಯಾರೂ ಗಮನಿಸಲಿಲ್ಲ.

ಅಹವಾಲಿನ ಮೇಜು ಮುರಿದರೆ ಏನಾಗುತ್ತದೆ ಎಂದು ನೌಕಾಪಡೆಗೇ ಚೆನ್ನಾಗಿ ಗೊತ್ತು. 1946ರ ಫೆಬ್ರುವರಿ 18ರಂದು ಮುಂಬೈಯಲ್ಲಿ ದಂಗೆ ಶುರುವಾದದ್ದು ಯುದ್ಧನೌಕೆಯಲ್ಲಿ ಅಲ್ಲ, ಒಂದು ಶಾಲೆಯಲ್ಲಿ. ತಲ್ವಾರ್ ಎಂಬುದು ದಡದ ಮೇಲಿದ್ದ ಸಿಗ್ನಲ್ ತರಬೇತಿ ಕೇಂದ್ರ. ಅದರ ಮುಖ್ಯಸ್ಥ ಕಮಾಂಡರ್ ಕಿಂಗ್. ಬ್ಯಾರಕ್ಕಿಗೆ ಬಂದು ಹುಡುಗರನ್ನು ಅವರ ಹುಟ್ಟು ಹಿಡಿದು ಬೈದ. ಹುಡುಗರು ತಕ್ಷಣ ಕಲ್ಲು ಎಸೆಯಲಿಲ್ಲ. ಕಾಯಿದೆಯಲ್ಲಿ ಹೇಳಿದಂತೆ ದೂರು ಬರೆದುಕೊಟ್ಟರು. ದೂರು ತಿರುಗಿ ಬಂದದ್ದು ಬೈದವನ ಮೇಜಿಗೇ. ಸುಳ್ಳು ದೂರು ಕೊಟ್ಟರೆ ಶಿಕ್ಷೆಯಾಗುತ್ತದೆ, ಯೋಚಿಸಿ ನೋಡಿ ಎಂದು ಅವನು ಎಚ್ಚರಿಸಿದ. ಅತ್ತ ಊಟ ತಿನ್ನುವಂತಿರಲಿಲ್ಲ. ಹುಡುಗರು ತಟ್ಟೆ ಮುಟ್ಟಲಿಲ್ಲ. ಕೆಲವೇ ದಿನಗಳಲ್ಲಿ 78 ಹಡಗುಗಳು, 20,000 ನಾವಿಕರು. ಕರಾಚಿಯಿಂದ ಕಲ್ಕತ್ತೆಯವರೆಗೆ ಹಬ್ಬಿತು. ನೌಕಾಪಡೆಯ ಅಧಿಕಾರಿಯೊಬ್ಬ ತರಬೇತಿ ಶಾಲೆಯೊಂದನ್ನು ಹೇಗೆ ನಡೆಸಬಾರದು ಎಂಬುದಕ್ಕೆ ನಮ್ಮ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ಪಾಠವಿಲ್ಲ. ನೌಕಾಪಡೆಯ ಹೆಸರು ಹೇಳಿ ಪ್ರವೇಶ ಮಾಡಿಕೊಳ್ಳುವ ಎಷ್ಟು ಶಾಲೆಗಳ ಗೋಡೆಯ ಮೇಲೆ ತಲ್ವಾರ್‌ನ ಆ ಹುಡುಗರ ಚಿತ್ರವಿದೆ, ನೋಡಿ ಬನ್ನಿ.

ಇದು ನಮ್ಮ ಜಿಲ್ಲೆಗೆ ಅರ್ಥವಾಗದ ಸಂಗತಿಯೂ ಅಲ್ಲ. 2008ರ ಜೂನ್ 10ರಂದು ಹಾವೇರಿಯಲ್ಲಿ ರಸಗೊಬ್ಬರ ಕೇಳಿದ ರೈತರ ಮೇಲೆ ಗೋಲಿಬಾರ್ ಆಯಿತು. 2024ರ ಮಾರ್ಚ್ 11ರಂದು ಮೆಣಸಿನಕಾಯಿ ದರ ಒಮ್ಮೆಲೇ ಬಿದ್ದಾಗ ಬ್ಯಾಡಗಿಯ ಎಪಿಎಂಸಿ ಕಚೇರಿಗೆ ಬೆಂಕಿ ಬಿತ್ತು. ಎರಡು ಸಲವೂ ಪಟ್ಟಣದ ಸಭ್ಯರು ಅಂದದ್ದು ಒಂದೇ ಮಾತು: ಶಿಸ್ತಿಲ್ಲದ ಜನ. ಕೇಳಿಸಿಕೊಳ್ಳುವ ಕಿವಿ ಇರಲಿಲ್ಲ ಎಂದು ಅಂದವರು ಕಡಿಮೆ.

ಶಿಸ್ತು ಎಂಬ ಪದದ ಬಗ್ಗೆ ಒಂದು ಮಾತು ಹೇಳದಿದ್ದರೆ ಕನ್ನಡ ಓದಿದ್ದಕ್ಕೆ ಅರ್ಥವಿಲ್ಲ. ಕೆಳದಿಯ ಶಿವಪ್ಪ ನಾಯಕನನ್ನು ಶಿಸ್ತಿನ ಶಿವಪ್ಪ ನಾಯಕ ಎನ್ನುತ್ತೇವೆ. ಅವನು ಬೆತ್ತ ಹಿಡಿದು ನಿಂತಿದ್ದ ಎಂದಲ್ಲ. ಅವನ ಶಿಸ್ತು ಎಂದರೆ ಕಂದಾಯದ ನಿಗದಿ. ಭೂಮಿಯನ್ನು ಮಣ್ಣು, ನೀರು ನೋಡಿ ದರ್ಜೆ ಮಾಡಿ, ವರ್ಷಗಟ್ಟಲೆ ಫಸಲು ಗಮನಿಸಿ, ಯಾವ ಹೊಲ ಎಷ್ಟು ತಾಳುತ್ತದೋ ಅಷ್ಟೇ ತೆರಿಗೆ ಹಾಕಿದ ಎಂದು ಹೇಳುತ್ತಾರೆ. ಎರೆ ಹೊಲಕ್ಕೂ ಮಸಾರಿ ಹೊಲಕ್ಕೂ ಒಂದೇ ದರ ಹಾಕಿದ್ದರೆ ಅದು ಅವನ ಲೆಕ್ಕದಲ್ಲಿ ಶಿಸ್ತೇ ಅಲ್ಲ. ಅದೇ ಪದ ನಮ್ಮ ಶಾಲೆಗೆ ಬರುವ ಹೊತ್ತಿಗೆ ಎಲ್ಲರಿಗೂ ಒಂದೇ ಕಟಿಂಗು, ಒಂದೇ ಹೆಜ್ಜೆ, ಒಂದೇ ಧ್ವನಿಯಲ್ಲಿ ಯೆಸ್ ಸರ್ ಎಂದಾಯಿತು. ಮಸಾರಿ ಹೊಲದಂಥ ಮಗು ಎರೆಯ ತೆರಿಗೆ ಕಟ್ಟಲಾರದೆ ಒಳಗೇ ಒಣಗುತ್ತದೆ.

ಈ ಒಣಗುವಿಕೆ ಶಾಲೆಗೆ ಹೋಗುವ ಮುಂಚೆಯೇ ಆರಂಭವಾಗುತ್ತದೆ. ಆರನೇ ತರಗತಿಯ ಅಖಿಲ ಭಾರತ ಸೈನಿಕ ಶಾಲಾ ಪ್ರವೇಶ ಪರೀಕ್ಷೆ 300 ಅಂಕಗಳದ್ದು. 125 ಪ್ರಶ್ನೆ, ಎರಡೂವರೆ ತಾಸು. ಅದರಲ್ಲಿ 150 ಅಂಕ ಗಣಿತಕ್ಕೆ. ಉಳಿದದ್ದು ಭಾಷೆ, ಸಾಮಾನ್ಯ ಜ್ಞಾನ, ಬುದ್ಧಿಶಕ್ತಿಗೆ ಐವತ್ತೈವತ್ತು. ಕನ್ನಡದಲ್ಲಿಯೇ ಬರೆಯಬಹುದು ಎಂಬುದು ಸಮಾಧಾನದ ಸಂಗತಿ. ಬರೆಯುವವರ ವಯಸ್ಸು 10ರಿಂದ 12. ಅಂದಮೇಲೆ ಕೋಚಿಂಗ್ ಶುರುವಾಗುವುದು ಒಂಬತ್ತಕ್ಕೆ. ನವೋದಯ-ಸೈನಿಕ ಕೋಚಿಂಗ್ ಎಂಬ ಜೋಡಿ ಪದ ಉತ್ತರ ಕರ್ನಾಟಕದ ತಾಲ್ಲೂಕು ಕೇಂದ್ರಗಳಲ್ಲೆಲ್ಲ ಕಾಣಸಿಗುತ್ತದೆ. ಊರಿನ ಸರ್ಕಾರಿ ಶಾಲೆಯ ಹಾಜರಿ ಪುಸ್ತಕದಲ್ಲಿ ಹೆಸರು, ಮಗು ಮಾತ್ರ ಕೋಚಿಂಗ್ ಹಾಸ್ಟೆಲಿನ ತಗಡಿನ ಶೆಡ್ಡಿನಲ್ಲಿ. ಸೀಟು ಸಿಗುವುದು ಕೆಲವರಿಗೆ. ಸಿಗದವರ ಅಪ್ಪಂದಿರು ಸೋತದ್ದನ್ನು ಒಪ್ಪಲಾರದೆ, ಅದೇ ಹೆಸರಿನ, ಅದೇ ಬಣ್ಣದ, ಮೂರುಪಟ್ಟು ಫೀಯ ಖಾಸಗಿ ಶಾಲೆಯ ಬಾಗಿಲಿಗೆ ಹೋಗುತ್ತಾರೆ. ಬಾಗಿಲಲ್ಲಿ ಬಿಳಿ ಸಮವಸ್ತ್ರದವರು ಕಾಯುತ್ತಿರುತ್ತಾರೆ.

ಹೆಸರಿನ ಗೊಂದಲ ಎಷ್ಟಿದೆಯೆಂದರೆ, ಸಮಾಜ ಕಲ್ಯಾಣದ ಹಿನ್ನೆಲೆಯಲ್ಲಿ ರಾಜ್ಯದ ಹಲವು ಕಡೆ ನಡೆಯುವ ಕಿತ್ತೂರು ರಾಣಿ ಚೆನ್ನಮ್ಮ ವಸತಿ ಶಾಲೆಗಳನ್ನೂ ಕಿತ್ತೂರಿನಲ್ಲಿರುವ ಹೆಣ್ಣುಮಕ್ಕಳ ಸೈನಿಕ ಶಾಲೆಯನ್ನೂ ಒಂದೇ ಎಂದುಕೊಂಡವರು ಬಹಳ. ಕಿತ್ತೂರಿನದು ಬೇರೆಯೇ ಕಥೆ, ಅದನ್ನು ನಿಧಾನವಾಗಿ ಹೇಳಬೇಕು. 1969ರಲ್ಲಿ, ಮತ್ತೆ ಕಂಠಿಯವರ ಆಸ್ಥೆಯಿಂದ, ಹೆಣ್ಣುಮಕ್ಕಳಿಗೆಂದೇ ಸೈನಿಕ ಮಾದರಿಯ ವಸತಿ ಶಾಲೆ ಅಲ್ಲಿ ಹುಟ್ಟಿತು. ದೇಶದಲ್ಲಿ ಬೇರೆಲ್ಲೂ ಅಂಥದ್ದಿರಲಿಲ್ಲ. ನಮ್ಮ ಹಾವೇರಿಯ ಮುಂದೆ ಹಾಯ್ದುಹೋಗುವ ಹೆದ್ದಾರಿಯೇ ಧಾರವಾಡ ದಾಟಿ ಅದರ ಮುಂದೆಯೂ ಹೋಗುತ್ತದೆ. ಅಲ್ಲಿ ಹುಡುಗಿಯರು ಪರೇಡು ಮಾಡಿದರು, ಕುದುರೆ ಏರಿದರು. ಆದರೆ ಆ ಪರೇಡು ಅವರನ್ನು ಯಾವ ಬಾಗಿಲಿಗೆ ಒಯ್ಯಬೇಕಿತ್ತೋ ಆ ಬಾಗಿಲೇ ಮುಚ್ಚಿತ್ತು. ರಾಷ್ಟ್ರೀಯ ರಕ್ಷಣಾ ಅಕಾಡೆಮಿಗೆ ಹೆಣ್ಣುಮಕ್ಕಳು ಕಾಲಿಟ್ಟದ್ದು 2022ರಲ್ಲಿ, ಅದೂ 2021ರಲ್ಲಿ ಸುಪ್ರೀಂ ಕೋರ್ಟ್ ಆದೇಶ ಕೊಟ್ಟ ಮೇಲೆ. ಮೊದಲ ತಂಡದ 17 ಯುವತಿಯರು ಹೊರಬಂದದ್ದು 2025ರ ಮೇ ತಿಂಗಳಲ್ಲಿ. 1969ರಿಂದ 2022ಕ್ಕೆ 53 ವರ್ಷ. ಅಜ್ಜಿ, ತಾಯಿ, ಮಗಳು ಮೂರು ತಲೆಮಾರು ಒಂದೇ ಮೈದಾನದಲ್ಲಿ ಎಡ-ಬಲ ಹಾಕುವಷ್ಟು ಕಾಲ. ಗಂಡುಮಕ್ಕಳ ಸೈನಿಕ ಶಾಲೆಗಳು ಹೆಣ್ಣುಮಕ್ಕಳನ್ನು ಎಲ್ಲೆಡೆ ಸೇರಿಸಿಕೊಳ್ಳಲು ಶುರು ಮಾಡಿದ್ದೂ 2021ರ ಶೈಕ್ಷಣಿಕ ವರ್ಷದಿಂದಲೇ.

ಈ 53 ವರ್ಷದಲ್ಲಿ ಆ ಶಾಲೆಯ ಹುಡುಗಿಯರು ಕಲಿತದ್ದು ವ್ಯರ್ಥವಾಯಿತೇ ಎಂದರೆ ಇಲ್ಲ. ವೈದ್ಯರಾದರು, ಇಂಜಿನಿಯರಾದರು, ಮೇಷ್ಟ್ರಾದರು, ಒಳ್ಳೆಯ ಶಾಲೆಯಲ್ಲಿ ಓದಿದವರು ಆಗುವುದೆಲ್ಲ ಆದರು. ಹಾಗಾದರೆ ಅವರನ್ನು ರೂಪಿಸಿದ್ದು ಮಿಲಿಟರಿ ಗುರಿಯಲ್ಲ, ಆ ಗುರಿ ಅವರ ಪಾಲಿಗೆ ಇರಲೇ ಇಲ್ಲ. ರೂಪಿಸಿದ್ದು ಗ್ರಂಥಾಲಯ, ಮೈದಾನ, ಮನೆಯಿಂದ ದೂರ ಒಟ್ಟಿಗೆ ಬದುಕಿದ ಗೆಳತಿಯರು, ಹೆಸರಿಲ್ಲದ ಶಿಕ್ಷಕಿಯರು. ಸೈನಿಕ ಎಂಬ ಪದವನ್ನು ತೆಗೆದಿಟ್ಟರೂ ಶಾಲೆಯಲ್ಲಿ ಏನು ಉಳಿಯುತ್ತದೆ ಎಂಬ ಪ್ರಯೋಗವನ್ನು ಕಿತ್ತೂರು ಅರ್ಧ ಶತಮಾನ ನಡೆಸಿತು. ನಮ್ಮ ಫ್ಲೆಕ್ಸು ಶಾಲೆಗಳಿಂದ ಆ ಪದ ತೆಗೆದರೆ ಏನು ಉಳಿಯುತ್ತದೆ?

ನೌಕಾಪಡೆಯವರ ಬಗ್ಗೆ ನನಗೆ ದ್ವೇಷವಿದೆ ಎಂದು ಓದುಗರು ತಿಳಿಯಬಾರದು. ಅಡ್ಮಿರಲ್ ಎಲ್. ರಾಮದಾಸ್ ಕೂಡ ನೌಕಾಪಡೆಯವರೇ. ಕೊಚ್ಚಿಯಲ್ಲಿ ನೌಕಾ ಅಕಾಡೆಮಿ ಆರಂಭವಾದಾಗ ಅದನ್ನು ಕಟ್ಟಿ ನಡೆಸಿದವರು. ಮುಖ್ಯಸ್ಥರಾಗಿದ್ದಾಗ, 1992ರಲ್ಲಿ, ನೌಕಾಪಡೆಯನ್ನು ಮಹಿಳಾ ಅಧಿಕಾರಿಗಳಿಗೆ ತೆರೆದವರು. ನಿವೃತ್ತಿಯ ನಂತರ ಅಲಿಬಾಗ್ ಹತ್ತಿರದ ಹಳ್ಳಿಯಲ್ಲಿ ಬೇಸಾಯ ಮಾಡಿಕೊಂಡು, ಭಾರತ-ಪಾಕಿಸ್ತಾನದ ನಡುವೆ ಶಾಂತಿ ಬೇಕೆಂದು ಓಡಾಡಿ, ಅದಕ್ಕಾಗಿ 2004ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಪಡೆದರು. 2024ರ ಮಾರ್ಚ್‌ನಲ್ಲಿ ತೀರಿಕೊಂಡರು. ಹೀಗೆ ಯೋಚಿಸುವ ಅಧಿಕಾರಿಯೊಬ್ಬರನ್ನು ಪ್ರಿನ್ಸಿಪಾಲರಾಗಿ ಕರೆಯುವ ಧೈರ್ಯ ನಮ್ಮ ಯಾವ ಆಡಳಿತ ಮಂಡಳಿಗಿದೆ? ಮೊದಲ ಪೋಷಕರ ಸಭೆಯಲ್ಲೇ ಯಾರೋ ಎದ್ದು, "ಸರ, ನೀವು ದೇಶದ ಕಡೆ ಇದ್ದೀರೋ ಇಲ್ಲೋ" ಎಂದು ಕೇಳಿಬಿಡುತ್ತಾರೆ.

ಎದುರು ವಾದವೊಂದು ಗಟ್ಟಿಯಾದದ್ದಿದೆ, ಅದನ್ನು ತಪ್ಪಿಸಿಕೊಂಡು ಹೋಗುವುದು ಸರಿಯಲ್ಲ. ಊರಿನ ಜಾತಿ, ಮಠ, ಪಕ್ಷ ಯಾವುದರ ಹಂಗೂ ಇಲ್ಲದ ಹೊರಗಿನವರೊಬ್ಬರು ಬಂದರೆ ಶಾಲೆ ಶುದ್ಧವಾಗುತ್ತದೆ, ಶಾಸಕರ ಫೋನಿಗೆ ಸೀಟು ಕೊಡುವುದು ನಿಲ್ಲುತ್ತದೆ, ಮೇಷ್ಟ್ರುಗಳು ಹೊತ್ತಿಗೆ ಸರಿಯಾಗಿ ಬರುತ್ತಾರೆ ಎಂಬ ವಾದ. ಇದರಲ್ಲಿ ಸತ್ಯವಿದೆ. ಸರಿಯಾದ ಸಮಯಕ್ಕೆ ಗಂಟೆ ಹೊಡೆಯುವುದು, ದಾಸ್ತಾನು ಪುಸ್ತಕ ಇಡುವುದು, ಅಧಿಕಾರ ಹಸ್ತಾಂತರಿಸುವಾಗ ಎಲ್ಲವನ್ನೂ ಬರೆದಿಟ್ಟು ಹೋಗುವುದು, ಇವೆಲ್ಲ ಪಡೆಯಿಂದ ಬಂದವರ ದೊಡ್ಡ ಗುಣಗಳು. ಆದರೆ ಇವು ಒಳ್ಳೆಯ ಆಡಳಿತಾಧಿಕಾರಿಯ ಗುಣಗಳು. ಅವರನ್ನು ಹಾಗೆಯೇ ಕರೆಯಿರಿ, ಉಗ್ರಾಣ ಕೊಡಿ, ಕಟ್ಟಡ ಕೊಡಿ, ಬಸ್ಸು ಕೊಡಿ. ಏಳನೇ ತರಗತಿಯ ಹುಡುಗ ಭಿನ್ನರಾಶಿ ಕೂಡಿಸಲಾರದೆ ಯಾಕೆ ಅಳುತ್ತಾನೆ ಎಂದು ತಿಳಿಯುವ ಕೆಲಸ, ಇಪ್ಪತ್ತು ವರ್ಷ ಸೀಮೆಸುಣ್ಣದ ಪುಡಿ ತಿಂದ ಮೇಷ್ಟ್ರದು. ಆ ಮೇಷ್ಟ್ರ ಹೆಸರು ಫ್ಲೆಕ್ಸಿನ ಮೇಲೆ ಯಾವತ್ತಾದರೂ ಬಂದಿದೆಯೇ? ಮನೆ ನೆನಪಾಗಿ ರಾತ್ರಿ ಹಾಸಿಗೆ ಒದ್ದೆ ಮಾಡಿಕೊಂಡ ಹುಡುಗನ ಬಟ್ಟೆಯನ್ನು ಬೇರೆಯವರಿಗೆ ಗೊತ್ತಾಗದಂತೆ ಒಗೆದು ಹಾಕುವ ಆಯಾ? ಹಾಸ್ಟೆಲಿನ ಶಾಲೆಯನ್ನು ನಡೆಸುವವರು ನಿಜವಾಗಿ ಇವರು.

ಶಿಸ್ತಿಗೆ ನಮ್ಮದೇ ಮಾದರಿ ಬೇಕೆಂದರೆ ಸಮುದ್ರದವರೆಗೆ ನಡೆದುಹೋದ ನಮ್ಮ ಹುಡುಗನೊಬ್ಬನಿದ್ದಾನೆ. ಬ್ಯಾಡಗಿ ತಾಲ್ಲೂಕಿನ ಮೋಟೆಬೆನ್ನೂರಿನ ಮೈಲಾರ ಮಹಾದೇವ, ಇನ್ನೂ ಇಪ್ಪತ್ತು ತುಂಬದ ವಯಸ್ಸಿನಲ್ಲಿ, 1930ರಲ್ಲಿ ಗಾಂಧೀಜಿಯ ಜೊತೆ ದಂಡಿಗೆ ನಡೆದ. 24 ದಿನ, ಸುಮಾರು 385 ಕಿಲೋಮೀಟರ್. ಆ ನಡಿಗೆಯ ಶಿಸ್ತು ಯಾವ ಅಕಾಡೆಮಿಗೂ ಕಡಿಮೆಯಿರಲಿಲ್ಲ: ದಿನಾ ಪ್ರಾರ್ಥನೆ, ದಿನಾ ನೂಲು, ದಿನಾ ದಿನಚರಿ ಬರೆಯಬೇಕು. ನೋಡಿ, ದಿನಚರಿ. ನಡೆಯುವವನು ತಾನು ಕಂಡದ್ದನ್ನು ತನ್ನ ಮಾತಿನಲ್ಲಿ ಬರೆಯಬೇಕಿತ್ತು. ಅವನು ಊರಿಗೆ ಬಂದು ಕೊರಡೂರಿನಲ್ಲಿ ಸೇವಾಶ್ರಮ ಕಟ್ಟಿದ. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠರ ಜೊತೆ ಪೊಲೀಸರ ಗುಂಡಿಗೆ ಸತ್ತ. ಅದೇ ಹೊಸರಿತ್ತಿಯಲ್ಲಿ ಗಾಂಧಿ ಗ್ರಾಮೀಣ ಗುರುಕುಲ ಎಂಬ ವಸತಿ ಶಾಲೆಯಿದೆ, ಖಾದಿ ತೊಟ್ಟ ಮಕ್ಕಳು ಓದಿನ ಜೊತೆ ಹೊಲದ ಕೆಲಸವನ್ನೂ ಕಲಿಯುವ ಶಾಲೆ. ಮುಂಜಾನೆ ಏಳುವುದು ಅಲ್ಲಿಯೂ ಉಂಟು. ಅದಕ್ಕಾಗಿ ಯಾರ ಭುಜದ ಮೇಲೂ ಪಟ್ಟಿ ಬೇಕಾಗಲಿಲ್ಲ. ಅದು ಲೋಪವಿಲ್ಲದ ಶಾಲೆ ಎನ್ನುತ್ತಿಲ್ಲ. ಮಕ್ಕಳನ್ನು ಮನೆಯಿಂದ ತಂದು ಒಟ್ಟಿಗೆ ಬೆಳೆಸಲು ಬೇರೆ ವ್ಯಾಕರಣವೂ ಇದೇ ಜಿಲ್ಲೆಯಲ್ಲಿ ಇದೆ ಎನ್ನುತ್ತಿದ್ದೇನೆ.

ಮಿಲಿಟರಿ ಶಾಲೆ ಮಾರುತ್ತಿರುವ ಕನಸಿಗೂ ಸಿಗುವ ಸರಕಿಗೂ ಇರುವ ದೂರವನ್ನೂ ಹೇಳಿಬಿಡಬೇಕು. 2022ರ ಜೂನ್‌ನಲ್ಲಿ ಅಗ್ನಿಪಥ ಬಂತು. ನಾಲ್ಕು ವರ್ಷದ ಸೇವೆ, ಆಮೇಲೆ ನಾಲ್ವರಲ್ಲಿ ಒಬ್ಬನಿಗೆ ಮಾತ್ರ ಮುಂದುವರಿಕೆ. ಆ ಸೆಪ್ಟೆಂಬರ್‌ನಲ್ಲಿ ಹಾವೇರಿಯ ಜಿಲ್ಲಾ ಕ್ರೀಡಾಂಗಣದಲ್ಲಿ ನೇಮಕಾತಿ ರ್‍ಯಾಲಿ ನಡೆದಾಗ ನಡುರಾತ್ರಿಯಲ್ಲಿ ಸಾಲು ನಿಂತು ಓಡಿದವರು ಕೂಲಿಕಾರರ, ಸಣ್ಣ ರೈತರ ಮಕ್ಕಳು. ಅವರಾರಿಗೂ ಬಿಳಿ ಸಮವಸ್ತ್ರದ ಪ್ರಿನ್ಸಿಪಾಲರಿರಲಿಲ್ಲ. ಫೀ ಕಟ್ಟುವ ಅಪ್ಪನಿಗೆ ಮಗ ಅಧಿಕಾರಿಯಾಗಬೇಕು, ಸಿಪಾಯಿಯಲ್ಲ. ಆಗದಿದ್ದರೆ ಕೊನೆಗೆ ಇಂಜಿನಿಯರಿಂಗು ಇದ್ದೇ ಇದೆ. ದೇಶಸೇವೆ ಎಂಬ ಪದ ಪ್ರಾಸ್ಪೆಕ್ಟಸ್ಸಿನಲ್ಲಿದೆ. ದೇಶಸೇವೆಗೆ ಹೋದವರು ಕ್ರೀಡಾಂಗಣದ ಹೊರಗೆ ಫುಟ್‌ಪಾತಿನಲ್ಲಿ ಮಲಗಿದ್ದರು.

ಇಷ್ಟಾದರೂ ಹಾಕುವವರು ಹಾಕುತ್ತಾರೆ. ಅವರಿಗೆ ನನ್ನದು ಮನವಿ: ಹೋದಾಗ ಪರೇಡು ನೋಡಬೇಡಿ, ಅದನ್ನು ನಿಮಗೆ ತೋರಿಸಲೆಂದೇ ಮಾಡಿಸುತ್ತಾರೆ. ಅಡುಗೆಮನೆಗೆ ಹೋಗಿ. ಗಣಿತ ಕಲಿಸುವವರು ಎಷ್ಟು ವರ್ಷದಿಂದ ಇದ್ದಾರೆ, ಹೋದ ವರ್ಷ ಯಾರು ಬಿಟ್ಟುಹೋದರು, ಯಾಕೆ ಎಂದು ಕೇಳಿ. ಶಿಕ್ಷಣ ಹಕ್ಕು ಕಾಯಿದೆಯ 17ನೇ ಕಲಂ ಮಕ್ಕಳಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ಬಿಸಿಲಲ್ಲಿ ಮೈದಾನ ಸುತ್ತಿಸುವುದನ್ನು ಅವರು ಏನೆಂದು ಕರೆಯುತ್ತಾರೆ, ವಿಚಾರಿಸಿ. ದೂರಿನ ಪೆಟ್ಟಿಗೆ ಇದ್ದರೆ ಅದರ ಕೀಲಿ ಯಾರ ಹತ್ತಿರವಿದೆ ಎಂದು ಕೇಳಿ. ಮಕ್ಕಳ ಸಹಾಯವಾಣಿಯ 1098 ಎಂಬ ನಂಬರು ಹುಡುಗರು ಮಲಗುವ ಕೋಣೆಯ ಗೋಡೆಯ ಮೇಲಿದೆಯೇ, ಅಥವಾ ಆಫೀಸಿನಲ್ಲಿ ಮಾತ್ರವೇ, ನೋಡಿ. ಆಮೇಲೆ ಹುಡುಗ ಮನೆಗೆ ಫೋನು ಮಾಡುವುದು ಎಲ್ಲಿಂದ ಎಂದು ತೋರಿಸಲು ಹೇಳಿ. ಆ ಫೋನು ಪ್ರಿನ್ಸಿಪಾಲರ ಮೇಜಿನ ಮೇಲಿದ್ದರೆ, ಫೀ ಕಟ್ಟುವ ಮುಂಚೆ ಹುಡುಗನನ್ನು ಕರೆದುಕೊಂಡು ಮುಂದಿನ ಬಸ್ಸಿಗೆ ವಾಪಸು ಬನ್ನಿ.